ತಲೆಬಾಗಿಲಿಗೆ ಅಲ್ಯೂಮಿನಿಯಂ

ಮೈಸೂರಿನಲ್ಲಿ ಮನೆ ಕಟ್ಟಿಸುವವರಿಗೆ ತಳಪಾಯದಿಂದ ತಾರಸಿಯವರೆಗೆ ಗೊಂದಲ ತಪ್ಪಿದ್ದಲ್ಲ. ಕಂಬಿ ಎಷ್ಟು, ಸಿಮೆಂಟು ಯಾವುದು, ಸಂಪು ಎಷ್ಟು ಆಳ ಎಂಬ ಪ್ರಶ್ನೆಗಳನ್ನು ಮೇಸ್ತ್ರಿಯೂ ಎಂಜಿನಿಯರೂ ಸೇರಿ ಬಗೆಹರಿಸಿಬಿಡುತ್ತಾರೆ. ತಲೆಬಾಗಿಲಿನ ಮಾತು ಬಂದಾಗ ಮಾತ್ರ ಮನೆಮಂದಿಯೆಲ್ಲ ಕೂಡುತ್ತಾರೆ. ಅಜ್ಜಿಗೆ ತೇಗವೇ ಆಗಬೇಕು, ಅದರ ನೆತ್ತಿಯಲ್ಲೊಂದು ಗಜಲಕ್ಷ್ಮಿ ಇರಬೇಕು. ಮಗನಿಗೆ ಬೆಂಗಳೂರಿನಲ್ಲಿ ಗೆಳೆಯನ ಮನೆಯಲ್ಲಿ ಕಂಡ ಕಪ್ಪು ಅಲ್ಯೂಮಿನಿಯಂ ಬಾಗಿಲಿನ ಮೇಲೆ ಮನಸ್ಸು. ಸೊಸೆಯ ಚಿಂತೆ ಗೆದ್ದಲಿನದು. ಯಜಮಾನರು ಮರದ ಡಿಪೋಗೆ ಹೋಗಿ ಘನ ಅಡಿಯ ದರ ಕೇಳಿ ಬಂದಿರುತ್ತಾರೆ. ಅವರು ಮಾತೇ ಆಡುವುದಿಲ್ಲ.

ಇವತ್ತಿನ ನನ್ನ ಮಾತು ಆ ನಾಲ್ವರಿಗೂ ಸೇರಿದ್ದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಾಗಿಲು ಮರದ್ದಾಗಬೇಕೋ ಲೋಹದ್ದಾಗಬೇಕೋ ಎಂದು ತೀರ್ಮಾನಿಸಬೇಕಾದ್ದು ಅದು ನಿಲ್ಲುವ ಜಾಗ. ಯಾವ ದಿಕ್ಕಿನ ಬಿಸಿಲು, ಯಾವ ಗಾಳಿಮಳೆ, ತಲೆಯ ಮೇಲೆ ಸಜ್ಜಾ ಎಷ್ಟು ಮುಂದೆ ಚಾಚಿದೆ, ಇಷ್ಟನ್ನು ನೋಡಿದರೆ ಅರ್ಧ ಜಗಳ ಮುಗಿಯುತ್ತದೆ. ಉಳಿದರ್ಧ ಮುಗಿಯಬೇಕಾದ್ದು ಅಂಗಡಿಯಲ್ಲಿ, ತಕ್ಕಡಿಯ ಮುಂದೆ.

ಲೋಹದ ಬಾಗಿಲೇ ನಮ್ಮ ಸಂಪ್ರದಾಯಕ್ಕೆ ಹೊರಗಿನದು ಎನ್ನುವವರಿಗೆ ಒಂದು ಮಾತು. ಚಾಮುಂಡಿ ಬೆಟ್ಟದ ದೇವಸ್ಥಾನದಲ್ಲಿ ಬೆಳ್ಳಿ ತಗಡು ಹೊದಿಸಿದ ಬಾಗಿಲನ್ನು ಕಣ್ಣಿಗೊತ್ತಿಕೊಂಡೇ ನಾವು ಒಳಗೆ ಹೋಗುತ್ತೇವೆ. ಅರಮನೆಯ ಕಥೆಯಂತೂ ಇನ್ನೂ ಸ್ಪಷ್ಟ. 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲಿ, ಹಳೆಯ ಅರಮನೆಗೆ ಬೆಂಕಿ ಬಿತ್ತು. ಅದು ಬಹುಪಾಲು ಮರದ ಕಟ್ಟಡ. ಅದೇ ಜಾಗದಲ್ಲಿ ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ, 1912ರಲ್ಲಿ ಮುಗಿದ ಈಗಿನ ಅರಮನೆಯಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ಪ್ರಾಧಾನ್ಯ ಸಿಕ್ಕಿತು. ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿಯನ್ನು ಹೊತ್ತು ನಿಂತಿರುವ ಕಂಬಗಳು ಗ್ಲಾಸ್ಗೊ ನಗರದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಎರಕದ ಕಬ್ಬಿಣದವು. ಆದರೆ ಒಳಗಿನ ಬಾಗಿಲುಗಳಿಗೆ ಬಂದಾಗ ಬೀಟೆಮರದಲ್ಲಿ ದಂತ ಕೂರಿಸುವ ಮೈಸೂರಿನ ಕೆಲಸಗಾರರನ್ನು ಅರಮನೆ ಕೈಬಿಡಲಿಲ್ಲ. ಹೊರೆ ಹೊರುವಲ್ಲಿ ಲೋಹ, ನೆರಳಿನಲ್ಲಿ ನಿಂತು ಕಣ್ಣಿಗೆ ಹತ್ತಿರವಾಗುವಲ್ಲಿ ಮರ. ಜಾಗ ನೋಡಿ ವಸ್ತು ಆರಿಸಿದ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಊರಿನಲ್ಲಿ ಬೇರೆಯಿಲ್ಲ.

ಅಲ್ಯೂಮಿನಿಯಂ ಆ ಕಾಲಕ್ಕೆ ಇನ್ನೂ ಎಳೆಯ ಲೋಹ. ವಾಷಿಂಗ್ಟನ್ ಸ್ಮಾರಕದ ತುದಿಗೆ 1884ರಲ್ಲಿ ಮೂರು ಕಿಲೋಗೂ ಕಡಿಮೆ ತೂಕದ ಅಲ್ಯೂಮಿನಿಯಂ ಮೊನೆಯನ್ನು ಕೂರಿಸಿದಾಗ ಅದರ ಬೆಲೆ ಬೆಳ್ಳಿಗೆ ಹತ್ತಿರವಿತ್ತು. ಎರಡೇ ವರ್ಷಕ್ಕೆ, 1886ರಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬ ಇಬ್ಬರು ಯುವಕರು ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ದಾರಿ ಕಂಡುಕೊಂಡರು; ಬೆಲೆ ಕುಸಿಯಿತು. ದಕ್ಷಿಣ ಭಾರತಕ್ಕೆ ಅಲ್ಯೂಮಿನಿಯಂ ಪಾತ್ರೆಯ ಕೈಗಾರಿಕೆಯನ್ನು ತಂದವರು ಮದರಾಸಿನ ಕಲಾಶಾಲೆಯಲ್ಲಿದ್ದ ಆಲ್‌ಫ್ರೆಡ್ ಚಾಟರ್‌ಟನ್. ಮುಂದೆ ಅವರೇ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ನಮ್ಮ ಗಂಧದೆಣ್ಣೆ ಕಾರ್ಖಾನೆ ಅವರ ಕಾಲದ್ದು. ಅಡುಗೆಮನೆಗೆ ಪಾತ್ರೆಯಾಗಿ ಬಂದ ಈ ಲೋಹ ಕಿಟಕಿಗೆ, ಕಿಟಕಿಯಿಂದ ಅಂಗಡಿ ಬಾಗಿಲಿಗೆ ಬಂದು, ಈಗ ಮನೆಯ ಹೊಸ್ತಿಲಿನಲ್ಲಿ ನಿಂತಿದೆ.

ಮರದ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ. ಚಾಮರಾಜಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲು ಕಡೆಯ ಹಳೆಯ ಮನೆಗಳ ತೇಗದ ಬಾಗಿಲುಗಳು ಎರಡು ಮೂರು ತಲೆಮಾರು ಕಂಡಿವೆ. ಅವು ಕಾಡಿನಲ್ಲಿ ನಿಧಾನವಾಗಿ ಬೆಳೆದ ಮರ, ಚೇಗು ತುಂಬಿದ ಮರ. ಅದನ್ನು ಕೊಯ್ದು, ನೆರಳಿನಲ್ಲಿಟ್ಟು, ವರ್ಷಗಟ್ಟಲೆ ಒಣಗಲು ಬಿಟ್ಟು ಆಮೇಲೆ ಬಾಚಿ ಹಿಡಿಯುತ್ತಿದ್ದರು. ಜೊತೆಗೆ ಆ ಬಾಗಿಲಿನ ಮುಂದೆ ಜಗಲಿ ಇತ್ತು, ಜಗಲಿಯ ಮೇಲೆ ಮಂಗಳೂರು ಹೆಂಚಿನ ಇಳಿಜಾರು ಮಾಡು ಇತ್ತು. ಬಿಸಿಲು ಮಳೆ ಬಾಗಿಲಿಗೆ ತಾಗುತ್ತಲೇ ಇರಲಿಲ್ಲ. ಇವತ್ತು ಡಿಪೋದಲ್ಲಿ ಸಿಗುವುದರಲ್ಲಿ ಬಹಳಷ್ಟು ಆಫ್ರಿಕಾದಿಂದಲೋ ದಕ್ಷಿಣ ಅಮೆರಿಕದಿಂದಲೋ ಹಡಗಿನಲ್ಲಿ ಬಂದ ತೋಟದ ತೇಗ. ಬೇಗ ಕಡಿದ ಎಳೆಯ ಮರವಾದರೆ ಅದರ ಅಂಚಿನಲ್ಲಿ ಬಿಳಿ ಭಾಗ ಹೆಚ್ಚು, ಗೆದ್ದಲಿಗೆ ಅದೇ ಇಷ್ಟ. ಗೃಹಪ್ರವೇಶದ ದಿನ ಗೊತ್ತಾಗಿರುತ್ತದೆ, ಮರ ಒಣಗುವವರೆಗೆ ಕಾಯುವ ವ್ಯವಧಾನ ಯಾರಿಗೂ ಇಲ್ಲ. ಮುಂದಿನ ಆಷಾಢದಲ್ಲಿ ಬಾಗಿಲು ಉಬ್ಬಿ ಹೊಸ್ತಿಲಿಗೆ ಉಜ್ಜುತ್ತದೆ. ಚೈತ್ರದಲ್ಲಿ ಒಣಗಿ ಹಲಗೆಗಳ ನಡುವೆ ಬಿರುಕು ಬಿಡುತ್ತದೆ. ತೇಗ ಕೆಟ್ಟದ್ದೆಂದು ಇದರ ಅರ್ಥವಲ್ಲ. ನಾವು ಕೊಳ್ಳುವುದು ಅಜ್ಜನ ಕಾಲದ ತೇಗ ಎಂಬ ಭ್ರಮೆ ಮಾತ್ರ ಬೇಡ.

ಈಗ ದಿಕ್ಕಿನ ವಿಚಾರ. ಉತ್ತರ ದಕ್ಷಿಣವಾಗಿ ಹಾದ ಯಾವುದೇ ರಸ್ತೆಯಲ್ಲಿ ಒಂದು ಸಾಲಿನ ಮನೆಗಳು ಪೂರ್ವಕ್ಕೆ ನೋಡಿದರೆ ಎದುರು ಸಾಲಿನವು ಪಶ್ಚಿಮಕ್ಕೆ ನೋಡಲೇಬೇಕು. ಕುವೆಂಪುನಗರ, ರಾಮಕೃಷ್ಣನಗರ, ದಟ್ಟಗಳ್ಳಿ, ವಿಜಯನಗರ, ಬೋಗಾದಿ, ಎಲ್ಲಿಯೇ ಹೋಗಿ, ಮೂವತ್ತು ನಲವತ್ತರ ಸೈಟಿನಲ್ಲಿ ಕಾರು ನಿಲ್ಲಿಸಲು ಜಾಗ ಬಿಟ್ಟ ಮೇಲೆ ಬಾಗಿಲಿಗೆ ಎರಡಡಿ ಸಜ್ಜಾ ಸಿಕ್ಕರೆ ಪುಣ್ಯ. ಪಶ್ಚಿಮದ ಬಾಗಿಲಿಗೆ ಫೆಬ್ರವರಿಯಿಂದ ಮೇವರೆಗೆ ಮಧ್ಯಾಹ್ನ ಎರಡರಿಂದ ಸೂರ್ಯ ಮುಳುಗುವವರೆಗೆ ನೇರ ಬಿಸಿಲು. ಇಳಿಬಿಸಿಲಾದ್ದರಿಂದ ಸಜ್ಜಾ ಅದನ್ನು ತಡೆಯಲಾರದು. ಆಷಾಢದ ಗಾಳಿ ಬೀಸುವುದೂ ಆ ಕಡೆಯಿಂದಲೇ. ಇಂಥ ಬಾಗಿಲಿಗೆ ಹಚ್ಚಿದ ಪಾಲಿಶ್ ಬೇಗ ಸುಲಿದು ಹೋಗುತ್ತದೆ. ಮತ್ತೆ ಉಜ್ಜಿಸಿ, ಮತ್ತೆ ಹಚ್ಚಿಸಲು ಕೆಲಸಗಾರರನ್ನು ಹುಡುಕುವುದೇ ಒಂದು ಕೆಲಸ. ನೆರಳಿಲ್ಲದ ಪಶ್ಚಿಮದ ಬಾಗಿಲಿಗೆ, ದಕ್ಷಿಣಕ್ಕೆ ತೆರೆದುಕೊಂಡು ಮಳೆಗೆ ಒಡ್ಡಿದ ಬಾಗಿಲಿಗೆ, ಮಹಡಿಯ ಮೇಲೆ ಬಾಡಿಗೆದಾರರಿಗೆಂದು ಹೊರಮೆಟ್ಟಿಲಿನ ತುದಿಯಲ್ಲಿಟ್ಟ ಬಾಗಿಲಿಗೆ, ಹಿಂದೆ ಗೆದ್ದಲು ಕಂಡ ಮನೆಗೆ ಅಲ್ಯೂಮಿನಿಯಂ ಸರಿಯಾದ ಆಯ್ಕೆ. ಪೂರ್ವಕ್ಕೋ ಉತ್ತರಕ್ಕೋ ಇದ್ದು, ಪೋರ್ಟಿಕೊದ ಒಳಗೆ ನೆರಳಿನಲ್ಲಿ ಕೂತ ಬಾಗಿಲಿಗೆ ಒಳ್ಳೆಯ ಮರ ಸಿಗುವುದಾದರೆ ಅಲ್ಯೂಮಿನಿಯಂ ಹುಡುಕಿಕೊಂಡು ಹೋಗುವ ಕಾರಣ ನನಗೆ ಕಾಣುವುದಿಲ್ಲ.

ಅಲ್ಯೂಮಿನಿಯಂ ಎಂದು ತೀರ್ಮಾನಿಸಿದಿರಿ ಎನ್ನಿ. ಮೋಸ ಹೋಗುವ ಸಂಭವ ಶುರುವಾಗುವುದು ಇಲ್ಲಿ.

ಈ ಲೋಹದ ಗುಣ ಸ್ವಲ್ಪ ತಿಳಿದಿರಬೇಕು. ಅಲ್ಯೂಮಿನಿಯಂ ತೂಕ ಉಕ್ಕಿನ ಮೂರರಲ್ಲೊಂದು. ಎಲ್ಲ ಜಾಹೀರಾತುಗಳೂ ಇದನ್ನು ಹೇಳುತ್ತವೆ. ಅದರ ಬಿಗುವೂ ಉಕ್ಕಿನ ಮೂರರಲ್ಲೊಂದೇ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಒಂದೇ ಆಕಾರದ, ಒಂದೇ ದಪ್ಪದ ಎರಡು ಪಟ್ಟಿಗಳನ್ನು ಒಂದೇ ಬಲದಿಂದ ಒತ್ತಿದರೆ ಅಲ್ಯೂಮಿನಿಯಂ ಪಟ್ಟಿ ಮೂರು ಪಾಲು ಹೆಚ್ಚು ಬಾಗುತ್ತದೆ. ಆದ್ದರಿಂದ ಬಾಗಿಲಿನ ಗಟ್ಟಿತನವೆಲ್ಲ ನಿಂತಿರುವುದು ಟೊಳ್ಳು ಕೊಳವೆಯ ಗೋಡೆ ಎಷ್ಟು ದಪ್ಪ ಎಂಬುದರ ಮೇಲೆ, ಆ ಕೊಳವೆಯ ಆಕಾರದ ಮೇಲೆ. ಅಂಗಡಿಯವರ ಭಾಷೆಯಲ್ಲಿ ಈ ಕೊಳವೆಗೆ ಸೆಕ್ಷನ್ ಎನ್ನುತ್ತಾರೆ. ಕಾಯಿಸಿದ ಲೋಹದ ದಿಮ್ಮಿಯನ್ನು ಅಚ್ಚಿನ ಮೂಲಕ ಒತ್ತಿ, ಚಕ್ಕುಲಿ ಒರಳಿನಿಂದ ಹಿಟ್ಟು ಬರುವ ಹಾಗೆ ಇದನ್ನು ಹೊರತೆಗೆಯುತ್ತಾರೆ. ಬಾಗಿಲು ಕಿಟಕಿಗಳಿಗೆ ಸಾಮಾನ್ಯವಾಗಿ ಬಳಸುವುದು 6063 ಎಂಬ ಮಿಶ್ರಲೋಹ; ಅಲ್ಯೂಮಿನಿಯಂ ಜೊತೆಗೆ ಸ್ವಲ್ಪ ಮೆಗ್ನೀಸಿಯಂ, ಸ್ವಲ್ಪ ಸಿಲಿಕಾನ್. ಒತ್ತಿ ತೆಗೆದ ಮೇಲೆ ಮತ್ತೆ ಹದವಾಗಿ ಕಾಯಿಸಿ ಗಟ್ಟಿ ಮಾಡಿದ್ದಕ್ಕೆ ಟಿ5, ಟಿ6 ಎಂಬ ಗುರುತು ಇರುತ್ತದೆ.

ಅಂಗಡಿಗೆ ಹೋದರೆ ಕೇಳಿಬರುವ ಮೊದಲ ಮಾತು, "ಸಾರ್, ಇದು ಹೆವಿ ಸೆಕ್ಷನ್ನು, ಕಣ್ಮುಚ್ಚಿಕೊಂಡು ಹಾಕಿಸಿ." ಕಣ್ಣು ಮುಚ್ಚಿಕೊಳ್ಳಬೇಡಿ. ಹೊರಗಿನಿಂದ ನೋಡಿದರೆ ತೆಳುವಾದ ಸೆಕ್ಷನ್ನಿಗೂ ದಪ್ಪದ್ದಕ್ಕೂ ವ್ಯತ್ಯಾಸ ಕಾಣುವುದೇ ಇಲ್ಲ, ಬಣ್ಣ ಹಾಕಿದ ಮೇಲಂತೂ ಇಲ್ಲವೇ ಇಲ್ಲ. ಒಂದು ಲೆಕ್ಕ ಮಾಡಿ ನೋಡೋಣ. 100 ಮಿ.ಮೀ. ಅಗಲ, 45 ಮಿ.ಮೀ. ದಪ್ಪದ ಆಯತಾಕಾರದ ಕೊಳವೆ. ಗೋಡೆ 1.2 ಮಿ.ಮೀ. ಇದ್ದರೆ ಒಂದು ಮೀಟರು ಉದ್ದಕ್ಕೆ ಸುಮಾರು 920 ಗ್ರಾಂ ತೂಗುತ್ತದೆ. ಗೋಡೆ 2 ಮಿ.ಮೀ. ಇದ್ದರೆ ಒಂದೂವರೆ ಕಿಲೋ. ಹನ್ನೆರಡು ಅಡಿಯ ಒಂದು ಉದ್ದವನ್ನು ತಕ್ಕಡಿಗೆ ಹಾಕಿದರೆ ಮೊದಲನೆಯದು ಮೂರು ಕಿಲೋ ನಾನೂರು ಗ್ರಾಂ ಆಸುಪಾಸು, ಎರಡನೆಯದು ಐದೂವರೆ ಕಿಲೋ ಮೀರುತ್ತದೆ. ಅಂಗಡಿಯವರು ಸೆಕ್ಷನ್ನನ್ನು ಕೊಳ್ಳುವುದು ಕಿಲೋ ಲೆಕ್ಕದಲ್ಲಿ, ನಿಮಗೆ ಬಾಗಿಲು ಮಾರುವುದು ಚದರಡಿ ಲೆಕ್ಕದಲ್ಲಿ. ಲಾಭ ಎಲ್ಲಿ ಅಡಗಿರಬಹುದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ದರ ಮಾತಾಡುವ ಮುಂಚೆ ಕೊಯ್ದ ತುದಿಯನ್ನು ತೋರಿಸಲು ಹೇಳಿ, ವರ್ನಿಯರ್ ಕ್ಯಾಲಿಪರ್ ಹಿಡಿದು ಗೋಡೆಯ ದಪ್ಪ ಅಳೆಸಿ. ಅಲ್ಯೂಮಿನಿಯಂ ಕೆಲಸ ಮಾಡುವವರ ಬಳಿ ಕ್ಯಾಲಿಪರ್ ಇಲ್ಲ ಎಂದರೆ ಅಂಗಡಿ ಬದಲಾಯಿಸಿ.

ನನ್ನ ಅಂದಾಜಿನಲ್ಲಿ ತಲೆಬಾಗಿಲಿನ ಚೌಕಟ್ಟು ಮತ್ತು ಕದದ ಸುತ್ತುಪಟ್ಟಿಗೆ 2 ಮಿ.ಮೀ.ಗಿಂತ ತೆಳುವಾದದ್ದು ಬೇಡ. 1.2 ಮಿ.ಮೀ. ದಪ್ಪದ್ದು ಜಾರುಕಿಟಕಿಗೆ, ಸೊಳ್ಳೆಪರದೆಯ ಕದಕ್ಕೆ ಸರಿ. ಬಾಗಿಲು ದಿನಕ್ಕೆ ನೂರು ಸಲ ತೆರೆದು ಮುಚ್ಚುವಂಥದ್ದು, ಆಷಾಢದ ಗಾಳಿಗೆ ಧಡ್ ಎಂದು ಬಡಿದುಕೊಳ್ಳುವಂಥದ್ದು. ತೆಳು ಸೆಕ್ಷನ್ನಿನಲ್ಲಿ ಮೊದಲು ಸಡಿಲವಾಗುವುದು ತಿರುಗಣಿಯ ಸ್ಕ್ರೂಗಳು. ರಂಧ್ರ ಅಗಲವಾಗುತ್ತದೆ, ಕದ ಜೋತುಬೀಳುತ್ತದೆ, ಆಮೇಲೆ ಬೀಗವೂ ಕೂರುವುದಿಲ್ಲ. ಅಲ್ಯೂಮಿನಿಯಂ ಬಾಗಿಲು ಕಿಟಕಿಗಳಿಗೆ ನಮ್ಮ ದೇಶದಲ್ಲಿ 1961ರಿಂದಲೇ ಐಎಸ್ 1948 ಎಂಬ ಮಾನಕ ಇದೆ. ಅದನ್ನು ಓದಿ ಎಂದು ನಾನು ಹೇಳುವುದಿಲ್ಲ. ಆ ಸಂಖ್ಯೆಯನ್ನು ನಿಮ್ಮ ಬಾಯಿಂದ ಕೇಳಿದರೆ ಅಂಗಡಿಯವರ ಮಾತಿನ ಧಾಟಿ ಬದಲಾಗುವುದಂತೂ ನಿಜ.

ಕಳ್ಳರ ವಿಷಯ ಚುಟುಕಾಗಿ. ಸಬ್ಬಲ್ಲು ಹಾಕಿ ಮೀಟಿದರೆ ತೆಳುವಾದ ಅಲ್ಯೂಮಿನಿಯಂ ಮಡಚಿಕೊಳ್ಳುತ್ತದೆ, ಒಳ್ಳೆಯ ತೇಗ ಅಷ್ಟು ಬೇಗ ಬಗ್ಗುವುದಿಲ್ಲ. ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಒಟ್ಟಿಗೆ ಕೂರುವ ಬೀಗ ಹಾಕಿಸಿದರೆ ಈ ದೋಷ ಬಹುಮಟ್ಟಿಗೆ ಹೋಗುತ್ತದೆ. ಕದದ ನಡುವೆ ಗಾಜು ಬೇಕೆನ್ನುವವರು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಲ್ಯಾಮಿನೇಟೆಡ್ ಗಾಜನ್ನೇ ಹಾಕಿಸಿ. ಟಫನ್ಡ್ ಗಾಜು ಒಡೆದಾಗ ಸಣ್ಣ ಸಣ್ಣ ತುಂಡಾಗಿ ಉದುರುತ್ತದೆ. ಮೈಗೆ ಗಾಯ ಕಡಿಮೆ, ನಿಜ; ಆದರೆ ಉದುರಿದ ಮೇಲೆ ಬಾಗಿಲಿನಲ್ಲಿ ದೊಡ್ಡ ಕಿಂಡಿ ತಾನೇ? ಗಾಜಿನ ಬದಲು ಎಸಿಪಿ ಶೀಟು ಹಾಕಿ ಮುಗಿಸುವವರಿದ್ದಾರೆ. ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ತುಂಬಿದ ಹಲಗೆ ಅದು. ಸಾಮಾನ್ಯ ದರ್ಜೆಯದಾದರೆ ಬೆಂಕಿಗೆ ಉರಿಯುತ್ತದೆ. ಅಂಗಡಿಯ ನಾಮಫಲಕಕ್ಕೆ ಇರಲಿ, ಮನೆಯಿಂದ ಹೊರಗೋಡುವ ದಾರಿಗೆ ಬೇಡ. ಬೆಂಕಿಯ ಮಾತು ಬಂತೆಂದು ಇನ್ನೊಂದು: ಅಲ್ಯೂಮಿನಿಯಂ ಉರಿಯುವುದಿಲ್ಲ ಎಂದರೆ ಬೆಂಕಿಗೆ ಜಗ್ಗುವುದಿಲ್ಲ ಎಂದಲ್ಲ. ಅದು 660 ಡಿಗ್ರಿಗೆ ಕರಗುತ್ತದೆ, ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗುತ್ತದೆ.

ಮೈಬಣ್ಣದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಾಗಿಲು ಹಾಳಾಗುವುದು ಹೆಚ್ಚಾಗಿ ಇಲ್ಲಿ, ಅದೂ ಗೃಹಪ್ರವೇಶಕ್ಕೆ ಮೊದಲೇ. ಎರಡು ಬಗೆ ಇವೆ. ಆನೋಡೈಸಿಂಗ್ ಎಂದರೆ ವಿದ್ಯುತ್ತಿನಿಂದ ಲೋಹದ ಮೇಲ್ಮೈಯನ್ನೇ ಗಟ್ಟಿಯಾದ ಆಕ್ಸೈಡ್ ಪದರವಾಗಿಸುವುದು. ಅದು ಬಣ್ಣದಂತೆ ಸುಲಿದು ಬರುವುದಿಲ್ಲ. ಹೊರಬಾಗಿಲಿಗೆ 15ರಿಂದ 25 ಮೈಕ್ರಾನ್ ದಪ್ಪ ಇರಬೇಕು. ಪೌಡರ್ ಕೋಟಿಂಗ್ ಎಂದರೆ ಪುಡಿಬಣ್ಣವನ್ನು ಸಿಂಪಡಿಸಿ ಒಲೆಯಲ್ಲಿ ಬೇಯಿಸಿ ಕೂರಿಸುವುದು. ಸುಮಾರು 60 ಮೈಕ್ರಾನ್ ಅಥವಾ ಹೆಚ್ಚು. ಈಗ ತೇಗದ ಗೆರೆಗಳನ್ನೇ ಮೂಡಿಸಿದ ಪೌಡರ್ ಕೋಟಿಂಗ್ ಬಂದಿದೆ, ದೂರದಿಂದ ಮರವೆಂದೇ ಕಾಣುತ್ತದೆ. ಮುಟ್ಟಿದರೆ ಗೊತ್ತಾಗುತ್ತದೆ. ನನಗಂತೂ ಅಲ್ಯೂಮಿನಿಯಂ ಅಲ್ಯೂಮಿನಿಯಂ ಹಾಗೆಯೇ ಇದ್ದರೆ ಚೆನ್ನ. ಆದರೆ ಅಜ್ಜಿಯನ್ನು ಒಪ್ಪಿಸಬೇಕಾದ ಮನೆಗಳಲ್ಲಿ ಈ ಗೆರೆಗಳು ಬಹಳ ಜಗಳ ತಪ್ಪಿಸಿವೆ.

ಆನೋಡೈಸ್ ಮಾಡಿದ್ದಕ್ಕೂ ಹಸಿ ಸಿಮೆಂಟಿಗೂ ಆಗಿಬರುವುದಿಲ್ಲ. ಸಿಮೆಂಟು, ಸುಣ್ಣ ಎರಡೂ ಕ್ಷಾರ. ಅಲ್ಯೂಮಿನಿಯಂ ಮೇಲೆ ಹಸಿಯಾಗಿ ಬಿದ್ದು ಒಂದು ರಾತ್ರಿ ಉಳಿದರೆ ಕಲೆ ಶಾಶ್ವತ. ನಮ್ಮಲ್ಲಿ ಗಾರೆ ಕೆಲಸದವರಿಗೆ ಮರದ ಚೌಕಟ್ಟಿನ ಅಭ್ಯಾಸ: ಗೋಡೆ ಏಳುವಾಗಲೇ ಚೌಕಟ್ಟು ನಿಲ್ಲಿಸಿ, ಪೂಜೆ ಮಾಡಿ, ಅದರ ಅಂಚಿಗೆ ಇಟ್ಟಿಗೆ ಕಟ್ಟಿ, ಆಮೇಲೆ ಪ್ಲಾಸ್ಟರಿಂಗ್. ಅಲ್ಯೂಮಿನಿಯಂ ಚೌಕಟ್ಟಿಗೆ ಈ ಕ್ರಮ ತಿರುಗಬೇಕು. ಪ್ಲಾಸ್ಟರಿಂಗ್ ಮುಗಿದು, ಒಣಗಿ, ನೆಲ ಹಾಕಿ, ಒಂದು ಕೋಟು ಸುಣ್ಣಬಣ್ಣವೂ ಆದ ಮೇಲೆ ಕೊನೆಗೆ ಬಾಗಿಲು. ಅದಕ್ಕೆ ಅಂಟಿಸಿದ ಪ್ಲಾಸ್ಟಿಕ್ ಪಟ್ಟಿಯನ್ನು ಬಣ್ಣದ ಕೆಲಸ ಪೂರ್ತಿ ಮುಗಿಯುವವರೆಗೆ ಕೀಳಬಾರದು. ಹಾಗೆಂದು ತಿಂಗಳುಗಟ್ಟಲೆ ಬಿಸಿಲಿನಲ್ಲಿ ಬಿಟ್ಟರೆ ಅದರ ಅಂಟು ಬಣ್ಣಕ್ಕೆ ಹಿಡಿದುಕೊಳ್ಳುತ್ತದೆ.

ಇನ್ನೊಂದು ಶತ್ರು ಆಸಿಡ್. ಗೃಹಪ್ರವೇಶಕ್ಕೆ ಎರಡು ದಿನ ಇದೆಯೆನ್ನುವಾಗ ಗ್ರಾನೈಟು, ಟೈಲ್ಸ್ ಮೇಲಿನ ಸಿಮೆಂಟಿನ ಕಲೆ ತೆಗೆಯಲು ಕ್ಯಾನುಗಟ್ಟಲೆ ಆಸಿಡ್ ತಂದು ಸುರಿದು ತೊಳೆಯುವುದು ನಮ್ಮೂರಿನ ಪದ್ಧತಿ. ಅದು ಚಿಮ್ಮಿ ಬಾಗಿಲಿನ ಬುಡಕ್ಕೆ ತಾಗಿದರೆ ಆನೋಡೈಸಿಂಗ್ ಕರಗಿ ಬಿಳಿ ಬಿಳಿ ಮಚ್ಚೆ ಏಳುತ್ತವೆ. ತಾಗಿದ್ದು ಆಗಲೇ ಕಂಡರೆ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ದಿನನಿತ್ಯಕ್ಕೆ ಒದ್ದೆ ಬಟ್ಟೆ, ಸ್ವಲ್ಪ ಸೋಪಿನ ನೀರು ಸಾಕು. ಹುಣಸೆಹಣ್ಣು, ನಿಂಬೆಹಣ್ಣು, ತೆಂಗಿನ ನಾರು ಹಿತ್ತಾಳೆ ಚೊಂಬಿಗಿರಲಿ.

ಹಿತ್ತಾಳೆ ಎಂದಾಗ ನೆನಪಾಯಿತು. ಹಳೆಯ ಮನೆಯ ಹಿತ್ತಾಳೆ ಚಿಲಕ, ಹಿತ್ತಾಳೆ ಗಂಟೆ, ಸಿಂಹದ ಮುಖದ ಬಳೆ, ಇವುಗಳನ್ನು ಹೊಸ ಬಾಗಿಲಿಗೆ ಕೂರಿಸಬೇಕೆಂಬ ಆಸೆ ಸಹಜ. ಮಳೆನೀರು ತಾಗುವ ಕಡೆ ಹಿತ್ತಾಳೆಯೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ತಾಗಿ ನಿಂತರೆ ಎರಡರ ನಡುವೆ ಸಣ್ಣದೊಂದು ವಿದ್ಯುತ್ಕೋಶವೇ ಏರ್ಪಟ್ಟು ಅಲ್ಯೂಮಿನಿಯಂ ಸವೆಯತೊಡಗುತ್ತದೆ. ನಡುವೆ ರಬ್ಬರಿನ ಅಥವಾ ನೈಲಾನಿನ ವಾಷರ್ ಇಟ್ಟರೆ ತೊಂದರೆ ಇಲ್ಲ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ. ಮಂಗಳೂರು, ಉಡುಪಿಯ ಕಡಲ ಗಾಳಿಯಲ್ಲಿ ಈ ಸವೆತ ದೊಡ್ಡ ಸಮಸ್ಯೆ. ಸಮುದ್ರದಿಂದ ದೂರ, ಏಳುನೂರು ಮೀಟರಿಗೂ ಹೆಚ್ಚು ಎತ್ತರದ ಮೈಸೂರಿನಲ್ಲಿ ಅಷ್ಟಿಲ್ಲ. ಆ ಮಟ್ಟಿಗೆ ನಮ್ಮ ಹವೆ ಅಲ್ಯೂಮಿನಿಯಮ್ಮಿಗೆ ಹೇಳಿ ಮಾಡಿಸಿದ್ದು.

ಪೂಜೆಯ ಪ್ರಶ್ನೆ. ಚೌಕಟ್ಟು ನಿಲ್ಲಿಸುವ ದಿನ ಅದರ ಬುಡಕ್ಕೆ ನವಧಾನ್ಯ, ಪಂಚಲೋಹದ ಚೂರು ಹಾಕಿ, ಅರಿಶಿನ ಕುಂಕುಮ ಹಚ್ಚಿ, ಮಾವಿನ ತೋರಣ ಕಟ್ಟುವುದು ಮನೆ ಕಟ್ಟುವ ಸಂಭ್ರಮದಲ್ಲಿ ಮುಖ್ಯವಾದ ಭಾಗ. ಅಲ್ಯೂಮಿನಿಯಂ ಚೌಕಟ್ಟು ಬರುವುದೇ ಕೊನೆಗಾದ್ದರಿಂದ ಈ ಪೂಜೆ ಎಲ್ಲಿ, ಯಾವಾಗ ಎಂದು ಹಿರಿಯರು ಕೇಳುತ್ತಾರೆ. ಕೇಳುವುದು ನ್ಯಾಯವೂ ಹೌದು. ಇದಕ್ಕೆ ಸುಲಭದ ದಾರಿ ಕಲ್ಲಿನ ಹೊಸ್ತಿಲು. ಗೋಡೆ ಏಳುವ ಕಾಲಕ್ಕೆ ಒಳ್ಳೆಯ ದಿನ ನೋಡಿ ಗ್ರಾನೈಟಿನ ಹೊಸ್ತಿಲನ್ನು ಪೂಜೆ ಮಾಡಿ ಕೂರಿಸಿ. ಮೂರು ಬದಿಯ ಅಲ್ಯೂಮಿನಿಯಂ ಚೌಕಟ್ಟು ಕೊನೆಯಲ್ಲಿ ಅದರ ಮೇಲೆ ಬಂದು ನಿಲ್ಲಲಿ. ದಿನವೂ ಹೊಸ್ತಿಲಿಗೆ ಅರಿಶಿನ ಬಳಿಯುವ, ರಂಗೋಲಿ ಎಳೆಯುವ, ಕಾರ್ತಿಕದಲ್ಲಿ ದೀಪ ಇಡುವ ಮನೆಗೆ ಕಲ್ಲೇ ಸರಿ. ದೀಪದ ಕಾವು ಪೌಡರ್ ಕೋಟಿಂಗ್‌ಗೆ ತಗುಲಿದರೆ ಅದು ಕಂದಿ ಗುಳ್ಳೆ ಏಳುತ್ತದೆ. ತೋರಣಕ್ಕೆ ಮೊಳೆ ಹೊಡೆಯುವ ಮಾತಿಲ್ಲ. ಚೌಕಟ್ಟಿನ ಮೇಲಿನ ಗೋಡೆಯಲ್ಲಿ ಮೊದಲೇ ಎರಡು ಕೊಕ್ಕೆ ಹಾಕಿಸಿಕೊಂಡರಾಯಿತು.

ಹೊಸ್ತಿಲಿನ ಎತ್ತರದ ಬಗ್ಗೆಯೂ ಇಲ್ಲೇ ಹೇಳುತ್ತೇನೆ. ಮೈಸೂರು ನಿವೃತ್ತರ ಊರು ಎಂಬ ಹೆಸರು ಹೊತ್ತಿದೆ. ಮನೆ ಕಟ್ಟಿಸುವಾಗ ಐವತ್ತೆಂಟು ಇದ್ದವರಿಗೆ ಬಾಗಿಲು ಹಳತಾಗುವಷ್ಟರಲ್ಲಿ ಎಂಬತ್ತು. ಎರಡೂವರೆ ಮೂರು ಅಂಗುಲದ ಮರದ ಹೊಸ್ತಿಲನ್ನು ದಾಟಲು ಆಗ ಕಾಲು ಎತ್ತಬೇಕು. ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರ ಕಥೆ ಪ್ರತಿ ಬೀದಿಯಲ್ಲೂ ಇದೆ. ಕಲ್ಲಿನ ಹೊಸ್ತಿಲನ್ನು ಅರ್ಧ ಅಂಗುಲಕ್ಕೆ ಇಳಿಸಿ, ಅಂಚನ್ನು ಇಳಿಜಾರಾಗಿ ಉಜ್ಜಿಸಬಹುದು. ಅಷ್ಟು ತಗ್ಗಿಸಿದರೂ ಮಳೆನೀರು ಒಳಬರದಂತೆ ಕದದ ತಳಕ್ಕೆ ರಬ್ಬರ್ ಪಟ್ಟಿ ಕೂರಿಸಲು ಅಲ್ಯೂಮಿನಿಯಂ ಸೆಕ್ಷನ್ನಿನಲ್ಲಿ ತೋಡು ಇದ್ದೇ ಇರುತ್ತದೆ. ಇದು ಮರಕ್ಕಿಂತ ಅದರ ನಿಜವಾದ ಅನುಕೂಲ. ಗಾಲಿಕುರ್ಚಿ ಸಲೀಸಾಗಿ ಸಾಗಬೇಕಾದರೆ ಕದ ತೆರೆದಾಗ 900 ಮಿ.ಮೀ. ಬಿಡುವು ಸಿಗಬೇಕು. ಚೌಕಟ್ಟಿನ ಹೊರ ಅಳತೆ ಮೂರಡಿ ಎಂದು ಹೇಳಿ ಬಂದರೆ ಸುತ್ತುಪಟ್ಟಿ, ಕದದ ದಪ್ಪ ಎಲ್ಲ ಕಳೆದು ಉಳಿಯುವುದು ಎರಡೂವರೆ ಅಡಿ. ಮೂರೂವರೆ ಅಡಿ ಬರೆಸಿ.

ಬಿಸಿಲಿಗೆ ಒಡ್ಡಿದ ಬಾಗಿಲಿಗೆ ಲೋಹವನ್ನೇ ಶಿಫಾರಸು ಮಾಡಿದೆನಲ್ಲ, ಅದರ ಬೆಲೆಯನ್ನೂ ಹೇಳಬೇಕು. ಏಪ್ರಿಲ್ ಮಧ್ಯಾಹ್ನ ನಾಲ್ಕಕ್ಕೆ ಪಶ್ಚಿಮದ ಕಪ್ಪು ಬಾಗಿಲಿನ ಹಿಡಿಯನ್ನು ಮುಟ್ಟಿ ನೋಡಿದವರಿಗೆ ಗೊತ್ತು. ಶಾಲೆಯಿಂದ ಬಂದ ಮಗು ಬರಿಗೈಯಲ್ಲಿ ತಳ್ಳಲಾರದು. ಅಲ್ಯೂಮಿನಿಯಂ ಶಾಖವನ್ನು ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಚುರುಕಾಗಿ ಸಾಗಿಸುತ್ತದೆ. ಹೊರಗಿನ ಬಿಸಿ ಕ್ಷಣದಲ್ಲಿ ಒಳಗೆ. ಇದಕ್ಕೆ ಪರಿಹಾರವೆಂದು ಒಳಗಿನ ಮತ್ತು ಹೊರಗಿನ ಲೋಹದ ನಡುವೆ ಪಾಲಿಅಮೈಡ್ ಪಟ್ಟಿ ಕೂರಿಸಿದ ದುಬಾರಿ ಸೆಕ್ಷನ್ನನ್ನು ಕೆಲವರು ತೋರಿಸುತ್ತಾರೆ. ಹಿಮ ಬೀಳುವ ಊರಿನಲ್ಲಿ ಮನೆ ಮಾಡಿರುವ ನಿಮ್ಮ ಮಕ್ಕಳಿಗೆ ಅದು ಬೇಕು. ಹಗಲೆಲ್ಲ ಬಾಗಿಲು ತೆರೆದೇ ಇರುವ, ಏಸಿ ಇಲ್ಲದ ಮೈಸೂರಿನ ಮನೆಗೆ ಆ ಹಣ ದಂಡ. ತಿಳಿಬಣ್ಣ ಆರಿಸಿ, ಹಿಡಿಗೆ ಮರದ್ದೋ ನೈಲಾನಿನದ್ದೋ ಹೊದಿಕೆ ಹಾಕಿಸಿ, ಎದುರಿಗೊಂದು ಹೊಂಗೆಯೋ ಪಾರಿಜಾತವೋ ನೆಡಿ. ಬಿಸಿಗೆ ಲೋಹ ಹಿಗ್ಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಏಳಡಿ ಎತ್ತರದ ಕದ ಬೆಳಗಿನ ಜಾವಕ್ಕೂ ಇಳಿಬಿಸಿಲಿಗೂ ನಡುವೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಗಾಳಿ ನುಸುಳದಂತೆ ಇಕ್ಕಟ್ಟಾಗಿ ಕೂರಿಸಿ ಎಂದು ಒತ್ತಾಯ ಮಾಡಿದವರ ಬಾಗಿಲು ಸಂಜೆ ಹೊತ್ತು ಬಿಗಿಯುತ್ತದೆ.

ಮನೆಯವರು ಯೋಚಿಸದ ಇನ್ನೊಂದು ಅಪಾಯ ಕರೆಂಟಿನದು. ದಸರಾ ಬಂದರೆ ಊರಿಗೆ ಊರೇ ದೀಪ ಹಚ್ಚುತ್ತದೆ. ದೀಪಾವಳಿಗೆ ಮತ್ತೆ ಸೀರಿಯಲ್ ಸೆಟ್ಟು. ಹೋದ ವರ್ಷದ್ದನ್ನು ಅಟ್ಟದಿಂದ ಇಳಿಸಿ, ತಂತಿಯ ಮೈ ಸುಲಿದಿದೆಯೇ ನೋಡದೆ ಬಾಗಿಲಿನ ಸುತ್ತ ಕಟ್ಟಿಬಿಡುತ್ತೇವೆ. ಮರದ ಚೌಕಟ್ಟಾದರೆ ಬಚಾವು. ಲೋಹದ್ದಾದರೆ, ಅದೂ ನೆಲ ತೊಳೆದು ಒದ್ದೆಯಾಗಿದ್ದಾಗ, ಬಾಗಿಲು ಮುಟ್ಟಿದವರ ಮೈಗೆ ಕರೆಂಟು ಹರಿಯುತ್ತದೆ. ಕರೆಗಂಟೆಯ ತಂತಿ, ಡಿಜಿಟಲ್ ಬೀಗದ ತಂತಿ ಸೆಕ್ಷನ್ನಿನ ಒಳಗೇ ಹಾಯ್ದಿದ್ದರೆ ಕೊಯ್ದ ಅಂಚಿಗೆ ಉಜ್ಜಿ ಅದೂ ಸುಲಿಯಬಹುದು. ಅಲ್ಯೂಮಿನಿಯಂ ಬಾಗಿಲು ಹಾಕಿಸುವವರು ಮನೆಯ ಮುಖ್ಯ ಬೋರ್ಡಿನಲ್ಲಿ ಸೋರಿಕೆ ಹಿಡಿಯುವ ಆರ್‌ಸಿಸಿಬಿ ಇದೆಯೇ ಎಂದು ಅದೇ ದಿನ ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ.

ಎಲ್ಲದಕ್ಕೂ ನಡುವಿನ ದಾರಿಯೊಂದನ್ನು ಮೈಸೂರಿನ ಮನೆಗಳು ತಾವಾಗಿಯೇ ಕಂಡುಕೊಂಡಿವೆ. ಒಳಗೆ ಮರದ ಬಾಗಿಲು, ಹೊರಗೆ ಸೊಳ್ಳೆಪರದೆಯ ಅಲ್ಯೂಮಿನಿಯಂ ಕದ. ಜಾಗವಿದ್ದರೆ ಪುಟ್ಟ ವರಾಂಡವನ್ನೇ ಅಲ್ಯೂಮಿನಿಯಂ ಮತ್ತು ಜಾಲರಿಯಿಂದ ಮುಚ್ಚುವುದು. ಬಿಸಿಲು ಮಳೆಯನ್ನು ಲೋಹ ತಡೆಯುತ್ತದೆ, ಮರ ನೆರಳಿನಲ್ಲಿ ಬಾಳುತ್ತದೆ, ಗಾಳಿ ಒಳಗೆ ಬರುತ್ತದೆ, ಸೊಳ್ಳೆ ಹೊರಗೆ ಉಳಿಯುತ್ತದೆ. ಖರ್ಚು ಎರಡು ಬಾಗಿಲಿನದು ಎಂಬುದು ನಿಜ. ಆದರೆ ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟುವವರಿಗೆ ಒಂದು ಬಾಗಿಲು ಆಗಲೇ ಕೈಯಲ್ಲಿದೆಯಲ್ಲ! ಅಂಥ ತೇಗದ ಬಾಗಿಲುಗಳನ್ನು ಹಳೆ ಸಾಮಾನಿನವರಿಗೆ ಸಿಕ್ಕ ಬೆಲೆಗೆ ಕೊಟ್ಟು, ಎಳೆಯ ಮರದ ಹೊಸ ಬಾಗಿಲಿಗೆ ಲಕ್ಷಗಟ್ಟಲೆ ಸುರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಂಚು ಕೆತ್ತಿಸಿ, ಕೀಲು ಬಿಗಿ ಮಾಡಿಸಿ, ಎಣ್ಣೆ ಕುಡಿಸಿ ಮತ್ತೆ ನಿಲ್ಲಿಸಿದರೆ ಅದು ನಿಮ್ಮ ಮೊಮ್ಮಕ್ಕಳನ್ನೂ ನೋಡುತ್ತದೆ. ಅಲ್ಯೂಮಿನಿಯಮ್ಮಿಗೆ ಈ ಗುಣ ಇಲ್ಲ. ಒಮ್ಮೆ ತಗ್ಗು ಬಿದ್ದರೆ, ಆಳವಾಗಿ ಗೀರಿದರೆ ಮನೆಯಲ್ಲಿ ಸರಿಪಡಿಸಲು ಬರುವುದಿಲ್ಲ. ಅದಕ್ಕಿರುವ ಗುಣ ಬೇರೆ: ಬಾಳಿಕೆ ಮುಗಿದ ಮೇಲೆ ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಒಳ್ಳೆಯ ಬೆಲೆ ಬರುತ್ತದೆ. ಅದಿರಿನಿಂದ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು ಹದಿನಾಲ್ಕು ಯೂನಿಟ್ ಆಸುಪಾಸು ವಿದ್ಯುತ್ ಬೇಕು. ಹಳೆಯದನ್ನು ಕರಗಿಸಿ ಹೊಸದು ಮಾಡಲು ಅದರ ಇಪ್ಪತ್ತರಲ್ಲೊಂದು ಪಾಲು ಶಕ್ತಿ ಸಾಕು.

ಮುಂಗಡ ಕೊಡುವ ಮೊದಲು ಬಿಲ್ಲಿನಲ್ಲಿ ಇಷ್ಟನ್ನು ಬರೆಸಿಕೊಳ್ಳಿ: ಸೆಕ್ಷನ್ನಿನ ತಯಾರಕರ ಹೆಸರು, ಗೋಡೆಯ ದಪ್ಪ ಮಿಲಿಮೀಟರಿನಲ್ಲಿ, ಆನೋಡೈಸಿಂಗ್ ಅಥವಾ ಪೌಡರ್ ಕೋಟಿಂಗ್ ಎಷ್ಟು ಮೈಕ್ರಾನ್, ಗಾಜು ಯಾವ ಬಗೆಯದು, ಬೀಗಕ್ಕೂ ತಿರುಗಣಿಗೂ ಎಷ್ಟು ವರ್ಷದ ಜವಾಬ್ದಾರಿ. "ಅದೆಲ್ಲಾ ಯಾಕಮ್ಮಾ, ನಾವಿದ್ದೀವಲ್ಲ" ಎನ್ನುವ ಅಂಗಡಿಯಿಂದ ನಗುತ್ತಲೇ ಎದ್ದು ಬನ್ನಿ. ಬರೆದುಕೊಡುವ ಅಂಗಡಿಗಳೂ ಈ ಊರಿನಲ್ಲಿ ಬೇಕಾದಷ್ಟಿವೆ.